ಫೆರ್ನಾಂಡೊ: ಒಂದು ಹೆಸರಿನ ಮೂಲ ಮತ್ತು ಸಂಚಾರ

೧

ಗೋವೆಯಿಂದ ಮಂಗಳೂರಿನವರೆಗಿನ ಕರಾವಳಿಯಲ್ಲಾಗಲಿ, ಮುಂಬಯಿಯ ಬಾಂದ್ರಾ, ವಸಾಯಿಗಳಲ್ಲಾಗಲಿ ಫೆರ್ನಾಂಡಿಸ್ ಎಂಬ ಅಡ್ಡಹೆಸರನ್ನು ಕೇಳದವರು ವಿರಳ. ಇಗರ್ಜಿಯ ದಾಖಲೆಗಳಲ್ಲಿ, ಶಾಲೆಯ ಹಾಜರಿಪಟ್ಟಿಗಳಲ್ಲಿ, ಬ್ಯಾಂಕಿನ ಖಾತೆಪುಸ್ತಕಗಳಲ್ಲಿ ಅದು ಶೆಟ್ಟಿ, ಕಾಮತ, ರಾವ್ ಎಂಬ ಹೆಸರುಗಳ ಮಗ್ಗುಲಲ್ಲಿಯೇ ನಿಂತಿರುತ್ತದೆ. ಇಷ್ಟೊಂದು ಪರಿಚಿತವಾದುದರಿಂದಲೇ ಅದರ ಅರ್ಥವನ್ನಾಗಲಿ ಮೂಲವನ್ನಾಗಲಿ ವಿಚಾರಿಸುವವರು ಕಡಿಮೆ. ಪೋರ್ಚುಗೀಸ್ ಹೆಸರು ಎಂದೊಡನೆ ವಿಚಾರ ಮುಗಿಯಿತೆಂದು ಭಾವಿಸುವುದು ವಾಡಿಕೆ. ಕೆಲವರು ಅಷ್ಟಕ್ಕೇ ನಿಲ್ಲದೆ, ಹೆಸರು ಪೋರ್ಚುಗೀಸಾದುದರಿಂದ ಅದನ್ನು ಧರಿಸಿದವರ ರಕ್ತದಲ್ಲಿಯೂ ಪೋರ್ಚುಗೀಸ್ ಅಂಶವಿರಲೇಬೇಕೆಂದು ಊಹಿಸುವುದುಂಟು. ಹೆಸರಿನ ಚರಿತ್ರೆಯನ್ನು ಮೊದಲಿನಿಂದ ನೋಡುತ್ತ ಬಂದರೆ ಈ ಊಹೆ ಎಷ್ಟು ದುರ್ಬಲವಾದುದೆಂಬುದು ತಾನಾಗಿಯೇ ತಿಳಿಯುತ್ತದೆ.

ಫೆರ್ನಾಂಡಿಸ್ ಎಂದರೆ 'ಫೆರ್ನಾಂಡೊವಿನ ಮಗ' ಎಂದಿಷ್ಟೇ ಅರ್ಥ. ಫೆರ್ನಾಂಡೊ ಎಂಬುದು ಸ್ಪೇನ್ ಮತ್ತು ಪೋರ್ಚುಗಲ್ ದೇಶಗಳಲ್ಲಿ ಸಾವಿರ ವರ್ಷಗಳಿಗಿಂತಲೂ ಹೆಚ್ಚು ಕಾಲದಿಂದ ಗಂಡುಮಕ್ಕಳಿಗೆ ಇಡುತ್ತ ಬಂದಿರುವ ಹೆಸರು. ಅರಸರು, ಸಂತರು, ನಾವಿಕರು, ಚರಿತ್ರಕಾರರು, ಕವಿಗಳು ಈ ಹೆಸರನ್ನು ಹೊಂದಿದ್ದಾರೆ. ಆದರೆ ಸ್ಪೇನಿನವರ ಭಾಷೆಯಲ್ಲಾಗಲಿ ಪೋರ್ಚುಗೀಸರ ಭಾಷೆಯಲ್ಲಾಗಲಿ ಅದಕ್ಕೆ ಯಾವ ಅರ್ಥವೂ ಇಲ್ಲ. ಆ ಭಾಷೆಗಳ ತಾಯಿಯಾದ ಲ್ಯಾಟಿನಿನಲ್ಲಿಯೂ ಇಲ್ಲ. ಅದರ ಅರ್ಥವನ್ನು ಹುಡುಕಬೇಕಾದರೆ ಅಳಿದುಹೋದ ಬೇರೊಂದು ಭಾಷೆಯ ಬಾಗಿಲಿಗೆ ಹೋಗಬೇಕಾಗುತ್ತದೆ.

೨

ಕ್ರಿಸ್ತಶಕ ೫ನೆಯ ಶತಮಾನದಲ್ಲಿ, ರೋಮ್ ಸಾಮ್ರಾಜ್ಯವು ಶಿಥಿಲವಾಗುತ್ತಿದ್ದ ಕಾಲಕ್ಕೆ, ಜರ್ಮಾನಿಕ್ ಕುಲದ ಅನೇಕ ಜನಾಂಗಗಳು ಐಬೀರಿಯಾ ಪರ್ಯಾಯದ್ವೀಪವನ್ನು ಹೊಕ್ಕವು. ಅವುಗಳಲ್ಲಿ ಪ್ರಬಲರಾಗಿ ನಿಂತವರು ವಿಸಿಗೋಥರು. ಟೊಲೆಡೊ ನಗರ ಅವರ ರಾಜಧಾನಿಯಾಯಿತು. ಆಳುವವರು ಗೋಥರು, ಆಳಿಸಿಕೊಳ್ಳುವವರು ಲ್ಯಾಟಿನ್ ಆಡುತ್ತಿದ್ದ ನೆಲದ ಜನ. ಎಣಿಕೆಯಲ್ಲಿ ಗೋಥರು ಅಲ್ಪಸಂಖ್ಯಾತರು. ಧರ್ಮದಲ್ಲಿಯೂ ಭೇದವಿದ್ದಿತು. ೫೮೯ರಲ್ಲಿ ಟೊಲೆಡೊವಿನಲ್ಲಿ ನೆರೆದ ಮೂರನೆಯ ಧರ್ಮಸಭೆಯಲ್ಲಿ ರಾಜ ರೆಕಾರೆಡೊ ತನ್ನ ಜನರ ಏರಿಯನ್ ಮತವನ್ನು ತೊರೆದು ಕ್ಯಾಥೊಲಿಕ್ ಮತವನ್ನು ಅಂಗೀಕರಿಸಿದ ಮೇಲೆ ಆ ಭೇದವೂ ಕರಗಿತು. ೭೧೧ರಲ್ಲಿ ಉತ್ತರ ಆಫ್ರಿಕದಿಂದ ಮುಸಲ್ಮಾನ ಸೇನೆ ದಾಟಿಬಂದು ಗೋಥರ ರಾಜ್ಯವನ್ನು ಕೆಡವಿತು. ಗೋಥಿಕ್ ಭಾಷೆ ಆ ವೇಳೆಗಾಗಲೇ ಆ ನೆಲದಲ್ಲಿ ಬಹುಮಟ್ಟಿಗೆ ಆಡುವವರಿಲ್ಲದೆ ಸೊರಗಿಹೋಗಿತ್ತು.

ಭಾಷೆ ಹೋಯಿತು, ಹೆಸರುಗಳು ಉಳಿದವು. ಜರ್ಮಾನಿಕ್ ಕುಲದವರು ಎರಡು ಪದಗಳನ್ನು ಸೇರಿಸಿ ಹೆಸರು ಕಟ್ಟುತ್ತಿದ್ದರು. ನಮ್ಮ ಸಮಾಸಗಳಂತೆಯೇ ಇವೂ ಎಂದರೆ ತಪ್ಪಾಗದು. ರೊಡ್ರಿಗೊ ಎಂಬುದರಲ್ಲಿ ಕೀರ್ತಿ ಮತ್ತು ಅಧಿಕಾರ ಎಂಬ ಅರ್ಥದ ಎರಡು ಧಾತುಗಳಿವೆ. ಗೊನ್ಸಾಲೊ ಎಂಬುದರ ಪೂರ್ವಪದಕ್ಕೆ ಯುದ್ಧವೆಂದು ಅರ್ಥ. ಫೆರ್ನಾಂಡೊವಿನ ಉತ್ತರಪದ 'ನಾಂಥ್' ಎಂಬುದು. ಸಾಹಸ, ಎದೆಗಾರಿಕೆ ಎಂದು ಅದರ ಅರ್ಥ. ಪೂರ್ವಪದದ ವಿಷಯದಲ್ಲಿ ವಿದ್ವಾಂಸರಲ್ಲಿ ಎರಡು ಪಕ್ಷಗಳಿವೆ. ಅದು ಶಾಂತಿಯನ್ನು ಸೂಚಿಸುವ 'ಫ್ರಿಥ್' ಎಂದು ಒಂದು ಪಕ್ಷ. ಪ್ರಯಾಣವನ್ನು ಸೂಚಿಸುವ 'ಫರ್ಥ್' ಎಂದು ಇನ್ನೊಂದು ಪಕ್ಷ. ಹಳೆಯ ಲ್ಯಾಟಿನ್ ಪತ್ರಗಳಲ್ಲಿ ಈ ಹೆಸರು 'ಫ್ರೆದೆನಾಂಡುಸ್' ಎಂದು ಮೇಲಿಂದ ಮೇಲೆ ಕಾಣಿಸಿಕೊಳ್ಳುವುದು ಮೊದಲ ಪಕ್ಷಕ್ಕೆ ಬಲ ಕೊಡುತ್ತದೆ. ಜರ್ಮಾನಿಕ್ ಮೂಲದ ಐಬೀರಿಯನ್ ಹೆಸರುಗಳನ್ನು ಕಲೆಹಾಕಿ ಯೋಸೆಫ್ ಪೀಲ್ ಮತ್ತು ಡೀಟರ್ ಕ್ರೆಮರ್ ಎಂಬ ವಿದ್ವಾಂಸರು ೧೯೭೬ರಲ್ಲಿ ಪ್ರಕಟಿಸಿದ ನಾಮಕೋಶವು ಇಂತಹ ಹೆಸರುಗಳ ಸಂಖ್ಯೆ ಎಷ್ಟು ವಿಪುಲವಾಗಿದ್ದಿತೆಂಬುದನ್ನು ತೋರಿಸಿಕೊಟ್ಟಿದೆ.

ಫ್ರೆದೆನಾಂಡುಸ್ ಎಂಬುದು ಫೆರ್ನಾಂಡೊ ಆದ ಬಗೆ ವ್ಯಾಕರಣ ಬಲ್ಲವರಿಗೆ ಸುಲಭವಾಗಿ ಹೊಳೆಯುವಂತಹುದು. ಮೊದಲು ವರ್ಣಪಲ್ಲಟದಿಂದ 'ಫ್ರೆ' ಎಂಬುದು 'ಫೆರ್' ಆಯಿತು. ಬಳಿಕ ನಡುವಣ ದಕಾರ ಲೋಪವಾಯಿತು. ಕೊನೆಯ ಲ್ಯಾಟಿನ್ ಪ್ರತ್ಯಯ ಸವೆದು ಓಕಾರವಾಗಿ ನಿಂತಿತು. ಬೇರೊಂದು ಹೆಸರಿನ ಮುಂದೆ ಬಂದಾಗ ಅದು ಇನ್ನೂ ಸವೆದು ಸ್ಪೇನಿನಲ್ಲಿ ಫೆರ್ನಾನ್ ಎಂದೂ ಪೋರ್ಚುಗಲಿನಲ್ಲಿ ಫೆರ್ನಾಂವ್ ಎಂದೂ ಕುಗ್ಗಿತು. ಕ್ಯಾಟಲನ್ ಭಾಷೆಯಲ್ಲಿ ಫೆರ್ರಾನ್ ಎಂಬ ರೂಪ ಪಡೆಯಿತು. ಮುಸಲ್ಮಾನ ಸ್ಪೇನಿನ ಅರಬ್ಬೀ ಚರಿತ್ರಕಾರರು ತಮ್ಮ ಕಿವಿಗೆ ಬಿದ್ದಂತೆ ಫರ್ದಿಲಂದ್ ಎಂದು ಬರೆದುಕೊಂಡರು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಟೊಲೆಡೊವಿನಿಂದ ಆಳಿದ ವಿಸಿಗೋಥ್ ಅರಸರ ಪಟ್ಟಿಯಲ್ಲಿ ಫೆರ್ನಾಂಡೊ ಎಂಬ ಹೆಸರಿನವನು ಒಬ್ಬನೂ ಇಲ್ಲ. ಗೋಥಿಕ್ ಭಾಷೆ ಜೀವಂತವಾಗಿದ್ದಾಗ ಸಿಂಹಾಸನವೇರದ ಈ ಹೆಸರು, ಆ ಭಾಷೆ ಸತ್ತು ಇನ್ನೂರು ಮುನ್ನೂರು ವರ್ಷಗಳಾದ ಮೇಲೆ ಉತ್ತರದ ಗುಡ್ಡಗಾಡಿನ ಕ್ರೈಸ್ತ ರಾಜ್ಯಗಳಲ್ಲಿ ಮೆರೆಯತೊಡಗಿತು. ಆಗ ಅದನ್ನು ಇಟ್ಟುಕೊಂಡವರಲ್ಲಿ ಗೋಥರ ವಂಶದವರು ಯಾರು, ನೆಲದ ಜನ ಯಾರು ಎಂದು ಬೇರ್ಪಡಿಸುವುದು ಸಾಧ್ಯವೇ ಇರಲಿಲ್ಲ. ಆಳುವ ವರ್ಗದ ಹೆಸರನ್ನು ಆಳಿಸಿಕೊಂಡವರೂ ತಮ್ಮ ಮಕ್ಕಳಿಗೆ ಇಟ್ಟುಕೊಂಡಿದ್ದರು. ಕೃಷ್ಣ, ಗೋವಿಂದ, ನರಸಿಂಹ ಎಂಬ ಸಂಸ್ಕೃತ ಹೆಸರುಗಳನ್ನು ಧರಿಸಿದ ಮಾತ್ರಕ್ಕೆ ಕನ್ನಡ ನೆಲದ ಅರಸರನ್ನು ಉತ್ತರ ದೇಶದವರೆಂದು ಯಾರೂ ನಿರ್ಧರಿಸುವುದಿಲ್ಲವಷ್ಟೆ. ಆ ನ್ಯಾಯವೇ ಇಲ್ಲಿಯೂ ಸಲ್ಲುತ್ತದೆ.

೩

ಈ ಹೆಸರಿಗೆ ಪ್ರತಿಷ್ಠೆ ತಂದುಕೊಟ್ಟ ಮೊದಲಿಗರಲ್ಲಿ ಮುಖ್ಯನಾದವನು ಕ್ಯಾಸ್ಟೀಲಿನ ಕೌಂಟ್ ಫೆರ್ನಾನ್ ಗೊನ್ಸಾಲೆಸ್. ಅವನು ೯೭೦ರಲ್ಲಿ ತೀರಿಕೊಂಡನು. ಲಿಯಾನ್ ರಾಜ್ಯದ ಗಡಿಸೀಮೆಯಾಗಿದ್ದ ಕ್ಯಾಸ್ಟೀಲನ್ನು ಒಂದು ಸ್ವತಂತ್ರ ಶಕ್ತಿಯಾಗಿ ಕಟ್ಟಿದ ಕೀರ್ತಿ ಅವನದು. ೧೩ನೆಯ ಶತಮಾನದಲ್ಲಿ ಅವನ ಹೆಸರಿನಲ್ಲಿ ಒಂದು ವೀರಕಾವ್ಯವೇ ಹುಟ್ಟಿತು. ಅವನ ಮಗ ಗಾರ್ಸಿಯಾ ಫೆರ್ನಾಂಡೆಸ್, ಅಂದರೆ ಫೆರ್ನಾನನ ಮಗ ಗಾರ್ಸಿಯಾ; ಮೊಮ್ಮಗ ಸಾಂಚೊ ಗಾರ್ಸಿಯಾ, ಅಂದರೆ ಗಾರ್ಸಿಯಾನ ಮಗ ಸಾಂಚೊ. ಸಾಂಚೊವಿನ ಮಗಳು ಮುನಿಯಾದೋನಾ ನವಾರಾದ ಅರಸ ಮೂರನೆಯ ಸಾಂಚೊವಿನ ರಾಣಿಯಾದಳು. ಆಕೆಯ ಮಗನಿಗೆ ಇಟ್ಟ ಹೆಸರು ಫೆರ್ನಾಂಡೊ. ಅವನು ೧೦೨೯ರಲ್ಲಿ ತಾಯಿಯ ಕಡೆಯ ಹಕ್ಕಿನಿಂದ ಕ್ಯಾಸ್ಟೀಲಿಗೂ, ೧೦೩೭ರಲ್ಲಿ ಲಿಯಾನಿಗೂ ಒಡೆಯನಾಗಿ ೧೦೬೫ರವರೆಗೆ ಆಳಿದನು. ಫೆರ್ನಾಂಡೊ ಎಂಬ ಹೆಸರು ಸಿಂಹಾಸನವನ್ನೇರಿದುದು ಹೀಗೆ ತಾಯಿಯ ವಂಶದ ದಾರಿಯಿಂದ ಎಂಬುದು ಸ್ಮರಣೀಯ. ತಂದೆಯ ಮನೆತನವಾದ ನವಾರಾದ ಅರಸರಲ್ಲಿ ಸಾಂಚೊ, ಗಾರ್ಸಿಯಾ ಎಂಬ ಹೆಸರುಗಳೇ ಬಳಕೆಯಲ್ಲಿದ್ದವು.

ಮುಂದೆ ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ಪದ್ಧತಿಯಿಂದ ಫೆರ್ನಾಂಡೊ, ಅಲ್ಫೊನ್ಸೊ ಎಂಬ ಹೆಸರುಗಳು ಆ ರಾಜವಂಶಗಳಲ್ಲಿ ತಲೆಮಾರು ಬಿಟ್ಟು ತಲೆಮಾರು ಮರುಕಳಿಸಿದವು. ಹೊಯ್ಸಳರಲ್ಲಿ ಬಲ್ಲಾಳ, ನರಸಿಂಹ ಎಂಬ ಹೆಸರುಗಳು ಒಂದರ ಹಿಂದೆ ಒಂದು ಬರುವುದನ್ನು ಬಲ್ಲ ಓದುಗರಿಗೆ ಇದು ಹೊಸದಾಗಿ ತೋರಲಾರದು. ಲಿಯಾನಿನ ಎರಡನೆಯ ಫೆರ್ನಾಂಡೊವಿನ ಮೊಮ್ಮಗನಾದ ಮೂರನೆಯ ಫೆರ್ನಾಂಡೊ ೧೨೧೭ರಲ್ಲಿ ಕ್ಯಾಸ್ಟೀಲಿನ ಪಟ್ಟವನ್ನೇರಿದನು. ೧೨೩೦ರಲ್ಲಿ ಲಿಯಾನನ್ನು ಅದರೊಡನೆ ಶಾಶ್ವತವಾಗಿ ಕೂಡಿಸಿದನು. ೧೨೩೬ರಲ್ಲಿ ಕೊರ್ದೊಬಾವನ್ನು, ೧೨೪೮ರಲ್ಲಿ ಸೆವಿಲ್ಲಾವನ್ನು ಗೆದ್ದು ೧೨೫೨ರಲ್ಲಿ ಅಲ್ಲಿಯೇ ಮಡಿದನು. ಅವನ ಸಮಾಧಿಯ ಮೇಲೆ ಲ್ಯಾಟಿನ್, ಕ್ಯಾಸ್ಟೀಲಿಯನ್, ಅರಬ್ಬೀ, ಹೀಬ್ರೂ ಎಂಬ ನಾಲ್ಕು ಭಾಷೆಗಳಲ್ಲಿ ಲೇಖಗಳಿವೆ. ಗೋಥರ ಹೆಸರೊಂದು ಸೋತವರ ಭಾಷೆಯಲ್ಲಿಯೂ ಗೆದ್ದವರ ಭಾಷೆಯಲ್ಲಿಯೂ ಒಂದೇ ಕಲ್ಲುಗೋರಿಯ ಮೇಲೆ ಕೂಡಿ ನಿಂತಿರುವುದು ಅಲ್ಲಿಯೇ. ೧೬೭೧ರಲ್ಲಿ ಈ ಅರಸನಿಗೆ ಸಂತಪದವಿ ದೊರೆಯಿತು. ಅಲ್ಲಿಗೆ ಫೆರ್ನಾಂಡೊ ಎಂಬುದು ರಾಜನಾಮವಾಗಿದ್ದುದರ ಜೊತೆಗೆ ಸಂತನಾಮವೂ ಆಯಿತು. ಸ್ಪೇನ್ ಆಳಿದ ನಾಡುಗಳಲ್ಲಿ ಸಾನ್ ಫೆರ್ನಾಂಡೊ ಎಂಬ ಊರುಗಳು ಎದ್ದವು.

ಪೋರ್ಚುಗಲಿನಲ್ಲಿ ಈ ಹೆಸರಿನ ಭಾಗ್ಯ ಅಷ್ಟು ಉಜ್ಜ್ವಲವಾಗಿರಲಿಲ್ಲ. ೧೩೬೭ರಲ್ಲಿ ಪಟ್ಟವೇರಿದ ಫೆರ್ನಾಂಡೊ ಗಂಡುಸಂತಾನವಿಲ್ಲದೆ ೧೩೮೩ರಲ್ಲಿ ತೀರಿಕೊಂಡಾಗ ರಾಜ್ಯದಲ್ಲಿ ಎರಡು ವರ್ಷ ಅರಾಜಕತೆ ಕವಿಯಿತು. ಆ ಅರಸನ ಚರಿತ್ರೆಯನ್ನು ಬರೆದವನ ಹೆಸರೂ ಫೆರ್ನಾಂವ್ ಎಂದೇ. ಅವನು ರಾಜ್ಯದ ದಫ್ತರಖಾನೆಯ ಪಾಲಕನಾಗಿದ್ದ ಫೆರ್ನಾಂವ್ ಲೋಪಿಸ್. ಪೋರ್ಚುಗೀಸ್ ಗದ್ಯದ ಮೊದಲ ಮಹಾಲೇಖಕರಲ್ಲಿ ಒಬ್ಬನೆಂದು ಎಣಿಸಲ್ಪಟ್ಟವನು. ಮುಂದಿನ ಶತಮಾನದಲ್ಲಿ ಫೆರ್ನಾಂಡೊ ಎಂಬ ರಾಜಕುಮಾರನೊಬ್ಬನು ೧೪೩೭ರ ಟಾಂಜಿಯರ್ ದಂಡಯಾತ್ರೆಯಲ್ಲಿ ಒತ್ತೆಯಾಳಾಗಿ ಸಿಕ್ಕಿ ೧೪೪೩ರಲ್ಲಿ ಫೆಜ್ ನಗರದ ಸೆರೆಯಲ್ಲಿಯೇ ಪ್ರಾಣಬಿಟ್ಟನು.

ಪೋರ್ಚುಗಲಿನ ಅತ್ಯಂತ ಪ್ರಸಿದ್ಧ ಫೆರ್ನಾಂಡೊ ಆ ಹೆಸರಿನಿಂದ ಪ್ರಸಿದ್ಧನಾಗಲೇ ಇಲ್ಲ. ೧೧೯೫ರ ಸುಮಾರಿಗೆ ಲಿಸ್ಬನ್ನಿನಲ್ಲಿ ಹುಟ್ಟಿದ ಈ ಫೆರ್ನಾಂಡೊ ೧೨೨೦ರಲ್ಲಿ ಫ್ರಾನ್ಸಿಸ್ಕನ್ ಸಂನ್ಯಾಸಿಗಳ ಪಂಥವನ್ನು ಸೇರಿ ಆಂತೋನಿಯೊ ಎಂಬ ಹೆಸರು ತಳೆದನು. ೧೨೩೧ರ ಜೂನ್ ೧೩ರಂದು ಇಟಲಿಯ ಪಾದುವಾದ ಬಳಿ ದೇಹವಿಟ್ಟ ಈತನೇ ಲೋಕವೆಲ್ಲ ಬಲ್ಲ ಸಂತ ಅಂತೋನಿ. ಮಂಗಳೂರಿನ ಜೆಪ್ಪುವಿನಲ್ಲಿ ಭಕ್ತರು ಹರಕೆ ಹೊರುವುದು ಈತನಿಗೇ. ಆರು ಶತಮಾನಗಳಿಗೂ ಮಿಕ್ಕಿ ಕಾಲ ಕಳೆದ ಮೇಲೆ, ೧೮೮೮ರ ಜೂನ್ ೧೩ರಂದು, ಲಿಸ್ಬನ್ನಿನಲ್ಲಿ ಹುಟ್ಟಿದ ಒಂದು ಮಗುವಿಗೆ ಆ ಸಂತನ ಎರಡು ಹೆಸರುಗಳನ್ನೂ ಸೇರಿಸಿ ಫೆರ್ನಾಂಡೊ ಆಂತೋನಿಯೊ ಎಂದು ಹೆಸರಿಟ್ಟರು. ೨೦ನೆಯ ಶತಮಾನದ ಪೋರ್ಚುಗೀಸ್ ಕಾವ್ಯದಲ್ಲಿ ಅಗ್ರಗಣ್ಯನಾದ ಫೆರ್ನಾಂಡೊ ಪೆಸೊವಾ ಆ ಮಗುವೇ. ಒಂದೊಂದು ಲೇಖಕವ್ಯಕ್ತಿತ್ವಕ್ಕೂ ಬೇರೆ ಬೇರೆ ಹೆಸರಿಟ್ಟು ಬರೆದ ಆ ಕವಿಗೆ, ಹೆಸರು ಬದಲಾಯಿಸಿದ ಸಂತನ ಹೆಸರು ಸಂದುದು ವಿಚಿತ್ರವಾದ ಹೊಂದಿಕೆಯೇ ಸರಿ.

೪

ಹೆಸರಿನಿಂದ ಅಡ್ಡಹೆಸರು ಹುಟ್ಟಿದ ಕ್ರಮವನ್ನು ಈಗ ನೋಡಬಹುದು. ಫೆರ್ನಾನ್, ಅವನ ಮಗ ಗಾರ್ಸಿಯಾ ಫೆರ್ನಾಂಡೆಸ್, ಅವನ ಮಗ ಸಾಂಚೊ ಗಾರ್ಸಿಯಾ ಎಂಬ ಪರಂಪರೆಯಲ್ಲಿ ಎರಡನೆಯ ಹೆಸರು ತಲೆಮಾರಿಗೊಮ್ಮೆ ಬದಲಾಗುತ್ತದೆ. ಏಕೆಂದರೆ ಅದು ತಂದೆಯ ಹೆಸರು ಮಾತ್ರ. ಮುಂಬಯಿ ಮತ್ತು ಉತ್ತರ ಕರ್ನಾಟಕಗಳಲ್ಲಿ ತನ್ನ ಹೆಸರಿನ ಮುಂದೆ ತಂದೆಯ ಹೆಸರನ್ನು ಬರೆಯುವ ರೂಢಿಗೆ ಇದು ಸಮಾನವಾದುದು. ಕೊನೆಯ 'ಎಸ್' ಎಂಬ ಪ್ರತ್ಯಯವು ಲ್ಯಾಟಿನಿನ ಷಷ್ಠೀ ವಿಭಕ್ತಿಯಿಂದ ಬಂದುದೆಂಬುದು ಹೆಚ್ಚಿನ ವಿದ್ವಾಂಸರು ಒಪ್ಪಿದ ಮತ. ಹಾಗಾದರೆ ಕನ್ನಡದಲ್ಲಿ 'ಫೆರ್ನಾಂಡೊವಿನ' ಎಂದಷ್ಟೇ ಹೇಳಿ 'ಮಗ' ಎಂಬ ಮಾತನ್ನು ಕೇಳುವವರ ಊಹೆಗೆ ಬಿಟ್ಟಂತಾಯಿತು. ಮಧ್ಯಯುಗ ಮುಗಿಯುತ್ತ ಬಂದಂತೆ ಈ ಪಿತೃನಾಮಗಳು ತಲೆಮಾರಿನೊಡನೆ ಬದಲಾಗುವುದನ್ನು ಬಿಟ್ಟು ಮನೆತನದ ಹೆಸರುಗಳಾಗಿ ಗಟ್ಟಿಗೊಂಡವು. ಆ ಬಳಿಕ ಫೆರ್ನಾಂಡಿಸ್ ಎಂಬಾತನ ತಂದೆ ಫೆರ್ನಾಂಡೊ ಆಗಿರಬೇಕೆಂಬ ನಿಯಮ ಉಳಿಯಲಿಲ್ಲ.

ಕರಾವಳಿಯ ಇತರ ಹೆಸರುಗಳಿಗೂ ಈ ಸೂತ್ರ ಅನ್ವಯಿಸುತ್ತದೆ. ರೊಡ್ರಿಗೊವಿನಿಂದ ರೊಡ್ರಿಗಸ್, ಗೊನ್ಸಾಲೊವಿನಿಂದ ಗೊನ್ಸಾಲ್ವಿಸ್, ಆಲ್ವಾರೊವಿನಿಂದ ಅಲ್ವಾರಿಸ್ ಹುಟ್ಟಿದವು. ಡಿಸೋಜ ಎಂಬುದು ಮಾತ್ರ ಈ ಗುಂಪಿಗೆ ಸೇರದು. ಅದು ಪೋರ್ಚುಗಲಿನ ಉತ್ತರ ಭಾಗದ ಸೋಸಾ ಎಂಬ ಸೀಮೆಯ ಹೆಸರಿನಿಂದ ಬಂದುದು. ಮೇಲೆ ಹೇಳಿದ ಮೂರು ಹೆಸರುಗಳೂ ಫೆರ್ನಾಂಡಿಸ್ ಎಂಬುದೂ ಜರ್ಮಾನಿಕ್ ಮೂಲದವು. ಟೊಲೆಡೊವಿನಲ್ಲಿ ನುಡಿಯುವವರಿಲ್ಲದೆ ಮಾಯವಾದ ಭಾಷೆಯ ತುಣುಕುಗಳು ಇಂದು ಉಡುಪಿ, ಮಂಗಳೂರುಗಳಲ್ಲಿ ಕನ್ನಡ ಅಕ್ಷರಗಳಲ್ಲಿ ಅಂಗಡಿಯ ಹಲಗೆಗಳ ಮೇಲೆ ಕಾಣಿಸುತ್ತಿವೆ.

ಈ ಹೆಸರು ನಮ್ಮ ಕರಾವಳಿಗೆ ಸ್ಪೇನಿನಿಂದ ಬಾರದೆ ಪೋರ್ಚುಗಲಿನಿಂದಲೇ ಬಂದಿತೆಂಬುದಕ್ಕೆ ಚರಿತ್ರೆಯ ಸಾಕ್ಷ್ಯವಿರುವಂತೆ ಧ್ವನಿಶಾಸ್ತ್ರದ ಒಲವೂ ಇದೆ. ಕ್ಯಾಸ್ಟೀಲಿಯನ್ ಭಾಷೆಯಲ್ಲಿ ಶಬ್ದದ ಮೊದಲಿನ ಫಕಾರವು ಬಹಳ ಕಡೆಗಳಲ್ಲಿ ಹಕಾರವಾಗಿ, ಮುಂದೆ ಆ ಹಕಾರವೂ ಉಚ್ಚಾರಣೆಯಲ್ಲಿ ಬಿದ್ದುಹೋಯಿತು. ಲ್ಯಾಟಿನಿನಲ್ಲಿ ಹಿಟ್ಟಿಗೆ 'ಫರೀನಾ' ಎಂಬ ಮಾತು. ಪೋರ್ಚುಗೀಸಿನಲ್ಲಿ ಅದು 'ಫರೀಞ' ಆಗಿ ಉಳಿಯಿತು. ಕ್ಯಾಸ್ಟೀಲಿಯನ್ನಿನಲ್ಲಿ ಹಕಾರದಿಂದ ಬರೆದು 'ಅರೀನ' ಎಂದು ಉಚ್ಚರಿಸುವಂತಾಯಿತು. ಹಾಗೆಯೇ ಫೆರ್ನಾಂಡೊ ಎಂಬುದು ಹೆರ್ನಾಂಡೊ, ಹೆರ್ನಾನ್ ಎಂಬ ರೂಪಗಳನ್ನೂ, ಫೆರ್ನಾಂಡೆಸ್ ಎಂಬುದು ಹೆರ್ನಾಂಡೆಸ್ ಎಂಬ ರೂಪವನ್ನೂ ಪಡೆದವು. ಮೆಕ್ಸಿಕೊವನ್ನು ಗೆದ್ದ ಕೊರ್ತೆಸನನ್ನು ಸಮಕಾಲೀನರು ಫೆರ್ನಾಂಡೊ ಎಂದೂ ಹೆರ್ನಾಂಡೊ ಎಂದೂ ಕರೆಯುತ್ತಿದ್ದರು. ಇಂದು ಅವನು ಹೆರ್ನಾನ್ ಎಂದೇ ಪ್ರಸಿದ್ಧ. ಮೆಕ್ಸಿಕೊದಲ್ಲಿ ಅತಿ ಹೆಚ್ಚು ಜನರ ಅಡ್ಡಹೆಸರು ಹೆರ್ನಾಂಡೆಸ್ ಎಂಬುದೇ. ಅರಸರ ಪ್ರತಿಷ್ಠೆ ಮತ್ತು ಲ್ಯಾಟಿನ್ ಬರವಣಿಗೆಯ ಬಲದಿಂದ ಫಕಾರದ ರೂಪವೂ ಸ್ಪೇನಿನಲ್ಲಿ ಅಳಿಯಲಿಲ್ಲ. ಪೋರ್ಚುಗೀಸಿನಲ್ಲಾದರೋ ಫಕಾರ ಎಂದೂ ಕದಲಲೇ ಇಲ್ಲ. ಗೋವೆಯಿಂದ ಮಂಗಳೂರಿನವರೆಗೆ ಹೆರ್ನಾಂಡೆಸ್ ಎಂಬ ರೂಪವು ಮನೆತನದ ಹೆಸರಾಗಿ ನೆಲೆಯೂರದಿರುವುದು ಆದುದರಿಂದಲೇ ಅರ್ಥಪೂರ್ಣವಾಗಿದೆ.

ಕನ್ನಡಿಗರಿಗೆ ಈ ಮಾರ್ಪಾಟು ದೂರದ್ದಲ್ಲ. ಹಳಗನ್ನಡದ ಪಾಲ್, ಪೂ, ಪುಲಿ, ಪಳ್ಳಿ ಎಂಬ ಮಾತುಗಳ ಪಕಾರ ಹಕಾರವಾಗಿ ಹಾಲು, ಹೂ, ಹುಲಿ, ಹಳ್ಳಿ ಆದುವು. ನೆರೆಯ ತುಳುವಿನಲ್ಲಿ ಪಕಾರ ಉಳಿದು ಹುಲಿಗೆ ಪಿಲಿ ಎಂದೇ ಹೇಳುತ್ತಾರೆ. 'ಹೆಸರು' ಎಂಬ ಶಬ್ದವೇ ಹಳಗನ್ನಡದಲ್ಲಿ ಪೆಸರ್. ತುಳುವಿನಲ್ಲಿ ಇಂದಿಗೂ ಪುದರ್. ಕನ್ನಡಕ್ಕೆ ತುಳು ಹೇಗೋ, ಈ ಒಂದು ಧ್ವನಿಯ ಮಟ್ಟಿಗೆ ಕ್ಯಾಸ್ಟೀಲಿಯನ್ನಿಗೆ ಪೋರ್ಚುಗೀಸ್ ಹಾಗೆ.

೫

೧೫ನೆಯ ಶತಮಾನದ ಅಂತ್ಯಕ್ಕೆ ಈ ಹೆಸರು ಪರ್ಯಾಯದ್ವೀಪದ ಎಲ್ಲೆಯನ್ನು ದಾಟಿತು. ೧೪೧೨ರಲ್ಲಿ ಕ್ಯಾಸ್ಟೀಲಿನ ರಾಜಕುಮಾರ ಫೆರ್ನಾಂಡೊ ಅರಗಾನಿನ ಅರಸನಾಗಿ ಆಯ್ಕೆಗೊಂಡನು. ಅವನ ಮೊಮ್ಮಗನಾದ ಫೆರ್ನಾಂಡೊ ೧೪೫೨ರ ಮಾರ್ಚ್ ೧೦ರಂದು ಹುಟ್ಟಿ, ೧೪೬೯ರಲ್ಲಿ ಕ್ಯಾಸ್ಟೀಲಿನ ಇಸಾಬೆಲ್ಲಳನ್ನು ವರಿಸಿ, ಆಕೆಯೊಡನೆ ೧೪೯೨ರಲ್ಲಿ ಗ್ರಾನಡಾವನ್ನು ಗೆದ್ದನು. ಕೊಲಂಬಸನನ್ನು ಸಮುದ್ರಕ್ಕೆ ಕಳುಹಿದವರೂ ಈ ದಂಪತಿಗಳೇ. ಈತನ ಮಗಳ ಮಗನೊಬ್ಬನು ೧೫೦೩ರ ಮಾರ್ಚ್ ೧೦ರಂದು, ಅಜ್ಜ ಹುಟ್ಟಿದ ದಿನದಂದೇ, ಸ್ಪೇನಿನ ಅಲ್ಕಾಲಾದಲ್ಲಿ ಹುಟ್ಟಿದನು. ಅವನಿಗೆ ಅಜ್ಜನ ಹೆಸರನ್ನೇ ಇಟ್ಟರು. ಮುಂದೆ ಆಸ್ಟ್ರಿಯಾದ ಒಡೆತನ ಈ ಮೊಮ್ಮಗನ ಪಾಲಿಗೆ ಬಂದಿತು. ೧೫೫೮ರಲ್ಲಿ ಅವನು ಪವಿತ್ರ ರೋಮನ್ ಚಕ್ರವರ್ತಿಯಾದನು. ವಿಯೆನ್ನಾದ ಅರಮನೆಯಲ್ಲಿ ಫರ್ಡಿನಾಂಡ್ ಎಂಬ ಹೆಸರು ನೆಲೆಗೊಂಡುದು ಇವನಿಂದ. ಜರ್ಮಾನಿಕ್ ಧಾತುಗಳಿಂದ ಹುಟ್ಟಿದ ಹೆಸರು ಸಾವಿರ ವರ್ಷ ಸ್ಪೇನಿನಲ್ಲಿದ್ದು, ಜರ್ಮನ್ ಆಡುವ ನಾಡಿಗೆ ಪರದೇಶದ ಹೆಸರಾಗಿ ಬಂದಿತು! ೧೯೧೪ರ ಜೂನ್ ೨೮ರಂದು ಸರಾಯೆವೊದಲ್ಲಿ ಗುಂಡಿಗೆ ಬಲಿಯಾಗಿ ಮೊದಲನೆಯ ಮಹಾಯುದ್ಧಕ್ಕೆ ನಿಮಿತ್ತನಾದ ಫ್ರಾನ್ಸ್ ಫರ್ಡಿನಾಂಡ್ ಧರಿಸಿದ್ದುದು ಈ ಹೆಸರನ್ನೇ.

ಸಂಚಾರ ಅಲ್ಲಿಗೂ ಮುಗಿಯಲಿಲ್ಲ. ೧೮೧೬ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಸಾಕ್ಸ್-ಕೋಬರ್ಗ್ ಮನೆತನದ ಫರ್ಡಿನಾಂಡನು ೧೮೩೬ರಲ್ಲಿ ಪೋರ್ಚುಗಲಿನ ರಾಣಿ ಎರಡನೆಯ ಮರಿಯಾಳನ್ನು ಮದುವೆಯಾಗಿ, ಮರುವರ್ಷ 'ಎರಡನೆಯ ಫೆರ್ನಾಂಡೊ' ಎಂಬ ರಾಜಬಿರುದನ್ನು ಪಡೆದನು. ಸಿಂತ್ರಾದ ಬೆಟ್ಟದ ಮೇಲಿನ ಪೇನಾ ಅರಮನೆಯನ್ನು ಕಟ್ಟಿಸಿದವನು ಇವನೇ. ಪೋರ್ಚುಗಲಿನ ಮೊದಲನೆಯ ಫೆರ್ನಾಂಡೊವಿಗೂ ಎರಡನೆಯವನಿಗೂ ನಡುವೆ ನಾಲ್ಕೂವರೆ ಶತಮಾನಗಳ ಅಂತರ. ಒಬ್ಬನು ನೆಲದ ಮಗ, ಇನ್ನೊಬ್ಬನು ಜರ್ಮನ್ ಮನೆತನದ ಅಳಿಯ. ಹೆಸರು ಮಾತ್ರ ಒಂದೇ.

೬

ಕರ್ನಾಟಕದ ಚರಿತ್ರೆಯೊಡನೆ ಈ ಹೆಸರಿನ ನಂಟು ೧೬ನೆಯ ಶತಮಾನದ ಆರಂಭದಿಂದ ಮೊದಲಾಗುತ್ತದೆ. ೧೫೦೫ರಲ್ಲಿ ಪೋರ್ಚುಗೀಸರ ಮೊದಲ ವೈಸರಾಯ್ ಫ್ರಾನ್ಸಿಸ್ಕೊ ಅಲ್ಮೇಯ್ಡಾ ಭಾರತಕ್ಕೆ ಬಂದು ಕಾರವಾರದ ಬಳಿಯ ಅಂಜದೀವ ದ್ವೀಪದಲ್ಲಿ ಕೋಟೆ ಕಟ್ಟಿಸಿದನು. ಅವನ ಹಡಗುಪಡೆಯೊಡನೆ ಹೊರಟು ಬಂದವರಲ್ಲಿ ಫೆರ್ನಾಂವ್ ಮಗಲ್ಯಾಯ್ಸ್ ಎಂಬ ತರುಣನಿದ್ದನು. ಮುಂದೆ ಅವನು ಸ್ಪೇನಿನ ಸೇವೆಗೆ ಸೇರಿ, ೧೫೧೯ರಲ್ಲಿ ಭೂಪ್ರದಕ್ಷಿಣೆಗೆ ಹೊರಟು, ೧೫೨೧ರಲ್ಲಿ ಫಿಲಿಪೀನ್ಸಿನ ಮಕ್ತಾನ್ ದ್ವೀಪದಲ್ಲಿ ಹತನಾದನು. ಲೋಕ ಅವನನ್ನು ಮೆಗಲನ್ ಎಂದು ಬಲ್ಲುದು.

ಎರಡನೆಯವನ ಕಥೆ ದಾರುಣವಾದುದು. ಗೋವೆಯಲ್ಲಿದ್ದ ಫೆರ್ನಾಂವ್ ಲೋಪಿಸ್ ಎಂಬ ಪೋರ್ಚುಗೀಸ್ ಸೈನಿಕನು (ಹಿಂದೆ ಹೇಳಿದ ಚರಿತ್ರಕಾರನಿಗೆ ಹೆಸರಿನಲ್ಲಿ ಮಾತ್ರ ಸಮಾನನಾದವನು) ಬಿಜಾಪುರದ ಆದಿಲಶಾಹಿಯ ಪಕ್ಷಕ್ಕೆ ಹೋಗಿ ಮತಾಂತರ ಹೊಂದಿದನು. ೧೫೧೨ರಲ್ಲಿ ಬೆನಸ್ತರಿಯ ಕೋಟೆ ಬಿದ್ದಾಗ ಅಲ್ಬುಕರ್ಕನ ಕೈಗೆ ಸಿಕ್ಕಿದ ಅವನಿಗೆ ಜೀವದಾನ ದೊರೆತರೂ ಬಲಗೈ, ಮೂಗು, ಕಿವಿಗಳು ಉಳಿಯಲಿಲ್ಲ. ಸ್ವದೇಶಕ್ಕೆ ಹೊರಟ ಅವನು ನಡುದಾರಿಯಲ್ಲಿ ಸೇಂಟ್ ಹೆಲೀನಾ ದ್ವೀಪದಲ್ಲಿ ಇಳಿದು, ಆ ನಿರ್ಜನ ದ್ವೀಪದ ಮೊದಲ ನಿವಾಸಿಯೆನಿಸಿದನು.

ಮೂರನೆಯವನಿಗೆ ಕನ್ನಡಿಗರು ಋಣಿಗಳು. ೧೫೩೫ರಿಂದ ೧೫೩೭ರ ಸುಮಾರಿನಲ್ಲಿ, ಅಚ್ಯುತರಾಯನ ಕಾಲಕ್ಕೆ, ವಿಜಯನಗರದಲ್ಲಿ ವಾಸವಾಗಿದ್ದ ಫೆರ್ನಾಂವ್ ನೂನಿಸ್ ಕುದುರೆಯ ವ್ಯಾಪಾರಿಯೆಂದು ವಿದ್ವಾಂಸರ ಅಭಿಪ್ರಾಯ. ಹಂಪೆಯ ಅರಸರ ಪರಂಪರೆಯನ್ನೂ ೧೫೨೦ರ ರಾಯಚೂರು ಯುದ್ಧವನ್ನೂ ಅವನು ವಿಸ್ತಾರವಾಗಿ ಬರೆದಿಟ್ಟನು. ಅರಸನು ವರ್ಷಕ್ಕೆ ೧೩,೦೦೦ ಹೊರ್ಮುಜ್ ಕುದುರೆಗಳನ್ನು ಕೊಳ್ಳುತ್ತಿದ್ದನೆಂಬ ಪ್ರಸಿದ್ಧ ಉಲ್ಲೇಖ ಅವನದೇ. ಪ್ಯಾರಿಸಿನಲ್ಲಿ ಉಳಿದಿದ್ದ ಅವನ ಹಸ್ತಪ್ರತಿಯನ್ನು ದಾವಿದ್ ಲೋಪಿಸರು ೧೮೯೭ರಲ್ಲಿ ಲಿಸ್ಬನ್ನಿನಲ್ಲಿ ಪ್ರಕಟಿಸಿದರು. ರಾಬರ್ಟ್ ಸಿವೆಲ್ಲರು ೧೯೦೦ರಲ್ಲಿ ಇಂಗ್ಲಿಷಿಗೆ ತಂದರು. ನಮ್ಮ ಇತಿಹಾಸಗ್ರಂಥಗಳಲ್ಲಿ ನ್ಯೂನಿಜ್ ಎಂದು ಬರುವವನು ಇವನೇ. ನೂನಿಸ್ ಎಂದರೆ 'ನೂನೊವಿನ ಮಗ' ಎಂದರ್ಥ. ಆದರೆ ಆ ವೇಳೆಗೆ ಇಂತಹ ಹೆಸರುಗಳು ಮನೆತನದ ಹೆಸರುಗಳಾಗಿದ್ದುದರಿಂದ ಅವನ ತಂದೆಯ ಹೆಸರು ನೂನೊ ಎಂದು ತೀರ್ಮಾನಿಸುವಂತಿಲ್ಲ. ಅವನ ಲೇಖನಿಯಲ್ಲಿ ವಿಜಯನಗರ 'ಬಿಸ್ನಗ' ಆಯಿತು. ಕೃಷ್ಣರಾಯ 'ಕ್ರಿಸ್ನರಾವ್' ಆದನು. ಸಾಳುವ ತಿಮ್ಮ 'ಸಾಲ್ವತಿನೆಯ' ಆದನು. ಅನೇಕ ನಾಲಗೆಗಳಲ್ಲಿ ಸವೆದ ಹೆಸರನ್ನು ಹೊತ್ತು ಬಂದವನು ನಮ್ಮ ಹೆಸರುಗಳನ್ನೂ ತನ್ನ ನಾಲಗೆಗೆ ಬಂದಂತೆ ಸವೆಸಿದನು.

೭

ಈ ಮೂವರೂ ಪೋರ್ಚುಗಲಿನಲ್ಲಿ ಹುಟ್ಟಿದವರು. ಕರಾವಳಿಯ ಸಾವಿರಾರು ಫೆರ್ನಾಂಡಿಸರು ಇವರ ಸಂತತಿಯವರಲ್ಲ. ೧೫೧೦ರಲ್ಲಿ ಗೋವೆ ಪೋರ್ಚುಗೀಸರ ವಶವಾಯಿತು. ೧೬ನೆಯ ಶತಮಾನದ ಮಧ್ಯಭಾಗದಿಂದ ತಿಸ್ವಾಡಿ, ಬಾರದೇಶ, ಸಾಷ್ಟಿಗಳಲ್ಲಿ ಮತಾಂತರಗಳು ಹೆಚ್ಚಿದವು. ಜ್ಞಾನಸ್ನಾನದ ಸಮಯದಲ್ಲಿ ಹೊಸ ಕ್ರೈಸ್ತನಿಗೆ ಸಂತನ ಹೆಸರನ್ನು ಇಡುವುದೂ, ಧರ್ಮಪಿತನಾಗಿ ನಿಂತ ಪೋರ್ಚುಗೀಸ್ ಅಧಿಕಾರಿಯ ಅಥವಾ ಪಾದ್ರಿಯ ಅಡ್ಡಹೆಸರನ್ನು ಕೊಡುವುದೂ ಸಂಪ್ರದಾಯವಾಯಿತು. ಒಂದೇ ಮನೆತನದ ಕವಲುಗಳು ಬೇರೆ ಬೇರೆ ಧರ್ಮಪಿತರ ಹೆಸರುಗಳನ್ನು ಪಡೆದುದುಂಟು. ಒಂದಕ್ಕೊಂದು ಸಂಬಂಧವೇ ಇಲ್ಲದ ಮನೆತನಗಳು ಒಂದೇ ಹೆಸರನ್ನು ಪಡೆದುದೂ ಉಂಟು. ೧೫೩೪ರಿಂದ ೧೭೩೯ರವರೆಗೆ ಪೋರ್ಚುಗೀಸರ ಅಧೀನದಲ್ಲಿದ್ದ ವಸಾಯಿ ಪ್ರದೇಶದಲ್ಲಿಯೂ ನಡೆದುದು ಇದೇ. ಅಲ್ಲಿಯ ಕ್ರೈಸ್ತರ ಮನೆಮಾತು ಮರಾಠಿಯ ಒಂದು ಪ್ರಭೇದ, ಅಡ್ಡಹೆಸರು ಫೆರ್ನಾಂಡಿಸ್.

ಗೋವೆಯ ಕೊಂಕಣಿ ಕ್ರೈಸ್ತರು ೧೫೬೦ರಲ್ಲಿ ನೆಲೆಗೊಂಡ ಧರ್ಮವಿಚಾರಣಾ ನ್ಯಾಯಾಲಯದ ಭೀತಿ, ಬರಗಾಲ, ೧೬೮೩ರ ಹಾಗೂ ೧೭೩೯ರ ಮರಾಠರ ದಾಳಿಗಳು ಮೊದಲಾದ ಕಾರಣಗಳಿಂದ ತಂಡತಂಡವಾಗಿ ತೆಂಕಣಕ್ಕೆ ವಲಸೆ ಬಂದರು. ಕೆಳದಿಯ ನಾಯಕರ ಆಳ್ವಿಕೆಯಲ್ಲಿ ಅವರು ಕೃಷಿಕರಾಗಿ ಕನ್ನಡ ಜಿಲ್ಲೆಯಲ್ಲಿ ನೆಲೆಸಿದರು. ೧೭೮೪ರಲ್ಲಿ ಟಿಪ್ಪು ಸುಲ್ತಾನನು ಅವರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ೧೭೯೯ರಲ್ಲಿ ಉಳಿದವರು ಮರಳಿದರು. ಇಷ್ಟೆಲ್ಲ ಅಲೆದಾಟದ ನಡುವೆಯೂ ಅನೇಕ ಮನೆತನಗಳು ಪೋರ್ಚುಗೀಸ್ ಹೆಸರಿನ ಹಿಂದೆ ಪ್ರಭು, ಕಾಮತ, ಪೈ, ನಾಯಕ, ಶೇಟ್ ಎಂಬ ಹಳೆಯ ಕುಲನಾಮಗಳ ನೆನಪನ್ನು ಕಾಪಾಡಿಕೊಂಡು ಬಂದವು. ೧೯೬೭ರಲ್ಲಿ ಉಡುಪಿಯಿಂದ ಲೋಕಸಭೆಗೆ ಆಯ್ಕೆಯಾದ ಜೆ. ಎಂ. ಲೋಬೊ ಪ್ರಭು ಅವರ ಹೆಸರಿನಲ್ಲಿ ಎರಡು ನಾಮಗಳೂ ಜೊತೆಯಾಗಿಯೇ ಇವೆ. ಕಡತದಲ್ಲಿ ಹೆಸರು ಏನೇ ಇರಲಿ, ತುಳುವರು ತಮ್ಮ ಕ್ಯಾಥೊಲಿಕ್ ನೆರೆಯವರನ್ನು 'ಪೊರ್ಬು' ಎಂದೇ ಕರೆದರು. ಅದು ಪ್ರಭು ಎಂಬುದರ ತದ್ಭವ. ನೆರೆಮನೆಯವರು ಬಳಸುವ ಹೆಸರು ಒಮ್ಮೊಮ್ಮೆ ದಾಖಲೆಯ ಹೆಸರಿಗಿಂತ ಹಳೆಯ ಸತ್ಯವನ್ನು ಹೇಳುತ್ತದೆ.

ಫೆರ್ನಾಂಡೊ ಎಂಬ ಹೆಸರಿನ ಆಧಾರದ ಮೇಲೆ ವಂಶವನ್ನು ನಿರ್ಣಯಿಸಲು ಹೊರಟವರು ಸಿಂಹಳವನ್ನೂ ನೋಡಬೇಕು. ೧೫೦೫ರಿಂದ ೧೬೫೮ರವರೆಗಿನ ಪೋರ್ಚುಗೀಸ್ ಸಂಪರ್ಕದ ಫಲವಾಗಿ ಅಲ್ಲಿ ಫೆರ್ನಾಂಡೊ ಎಂಬ ಇಟ್ಟ ಹೆಸರೇ ಅಡ್ಡಹೆಸರಾಗಿ ಅತ್ಯಂತ ವ್ಯಾಪಕವಾಗಿ ಹರಡಿತು. ಕ್ಯಾಥೊಲಿಕರಂತೆ ಬೌದ್ಧರಲ್ಲಿಯೂ ಆ ಹೆಸರಿನವರಿದ್ದಾರೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡುಗಳ ಕ್ರೈಸ್ತ ಸಿದ್ದಿಗಳಲ್ಲಿ ಪೋರ್ಚುಗೀಸ್ ಮೂಲದ ಹೆಸರುಗಳಿವೆ. ಅವರ ಪೂರ್ವಜರು ಆಫ್ರಿಕದವರು. ಆದುದರಿಂದ ಇಂತಹ ಹೆಸರು ಕುಲವನ್ನು ಹೇಳಲಾರದು. ಇಂದಿನ ಮತವನ್ನೂ ಖಚಿತವಾಗಿ ಹೇಳಲಾರದು.

೮

ಹಾಗಾದರೆ ಹೆಸರು ಯಾವುದಕ್ಕೆ ಸಾಕ್ಷಿ? ಅದು ವಂಶಕ್ಕೆ ಸಾಕ್ಷಿಯಲ್ಲ, ಸಂಪರ್ಕಕ್ಕೆ ಸಾಕ್ಷಿ. ಗೋಥರಿಂದ ಐಬೀರಿಯಾದ ಜನರಿಗೆ, ಕ್ಯಾಸ್ಟೀಲಿನ ತಾಯಿಯಿಂದ ನವಾರಾದ ಮಗನಿಗೆ, ಸ್ಪೇನಿನ ಅಜ್ಜನಿಂದ ಆಸ್ಟ್ರಿಯಾದ ಮೊಮ್ಮಗನಿಗೆ, ಲಿಸ್ಬನ್ನಿನ ಧರ್ಮಪಿತನಿಂದ ಸಾಷ್ಟಿಯ ಒಕ್ಕಲಿಗನಿಗೆ ಈ ಹೆಸರು ದಾಟಿದ ಪ್ರತಿಯೊಂದು ಸಂದರ್ಭದಲ್ಲಿಯೂ ಇಬ್ಬರು ಒಂದೆಡೆ ಕೂಡಿದ್ದರು. ಒಮ್ಮೆ ಪ್ರೀತಿಯಿಂದ, ಒಮ್ಮೆ ಅಧಿಕಾರದಿಂದ, ಒಮ್ಮೆ ಭಯದಿಂದ ಕೂಡಿದ್ದರು. ಹೆಸರು ಅಷ್ಟನ್ನು ಮಾತ್ರ ನೆನಪಿನಲ್ಲಿಟ್ಟುಕೊಂಡಿದೆ. ಅದಕ್ಕಿಂತ ಹೆಚ್ಚಿನದನ್ನು ಅದರ ಬಾಯಲ್ಲಿ ಹೇಳಿಸುವುದು ಚರಿತ್ರೆಗೆ ಮಾಡುವ ಅನ್ಯಾಯವಾಗುತ್ತದೆ.

೧೯೩೦ರಲ್ಲಿ ಮಂಗಳೂರಿನಲ್ಲಿ ಹುಟ್ಟಿ, ೧೯೬೭ರಲ್ಲಿ ದಕ್ಷಿಣ ಮುಂಬಯಿಯಿಂದ ಎಸ್. ಕೆ. ಪಾಟೀಲರನ್ನು ಸೋಲಿಸಿ ಲೋಕಸಭೆಯನ್ನು ಹೊಕ್ಕು, ೨೦೧೯ರಲ್ಲಿ ಅಗಲಿದ ಕಾರ್ಮಿಕ ನಾಯಕ ಜಾರ್ಜ್ ಫೆರ್ನಾಂಡಿಸರ ಹೆಸರನ್ನು ಈ ದೃಷ್ಟಿಯಿಂದ ನೋಡಬಹುದು. ಮೊದಲ ಹೆಸರು ಇಂಗ್ಲೆಂಡಿನ ಐದನೆಯ ಜಾರ್ಜ್ ದೊರೆಯ ನೆನಪಿನದು. ಮೂಲದಲ್ಲಿ ಅದು ಗ್ರೀಕ್ ಶಬ್ದ, 'ಭೂಮಿಯನ್ನು ಉಳುವವನು' ಎಂದು ಅದರ ಅರ್ಥ. ಎರಡನೆಯದು ಗೋಥಿಕ್ ಧಾತುಗಳಿಂದ ಹುಟ್ಟಿ ಪೋರ್ಚುಗೀಸರ ಕೈಯಿಂದ ಬಂದುದು. ಹೆಸರನ್ನು ಮಾತ್ರ ಓದಿದವನಿಗೆ ಇಂಗ್ಲೆಂಡ್, ಗ್ರೀಸ್, ಪೋರ್ಚುಗಲ್, ಗೋಥರ ಟೊಲೆಡೊ ಎಲ್ಲವೂ ಕಾಣುತ್ತವೆ. ಮಂಗಳೂರು ಮಾತ್ರ ಕಾಣುವುದಿಲ್ಲ. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಕೇಳುತ್ತ ಬೆಳೆದ ಊರನ್ನು ತಿಳಿಯಬೇಕಾದರೆ ಹೆಸರನ್ನು ಪಕ್ಕಕ್ಕಿಟ್ಟು ಮನುಷ್ಯನನ್ನೇ ವಿಚಾರಿಸಬೇಕಾಗುತ್ತದೆ.